ಕಂಡರಿಯದ ಏಟಿಗೆ ಪ್ರತಿಪಟ್ಟು

ಮೊದಲ ಸುತ್ತಿನಲ್ಲೇ ಥಾಯ್ಲೆಂಡಿನ ಆಟಗಾರ ಎರಡು ಸಲ ನೆಲ ಕಂಡರು. ದವಡೆಯೂ ಮುರಿಯಿತು. 1988ರ ನವೆಂಬರ್‌ನಲ್ಲಿ ಲಾಸ್ ವೇಗಸ್‌ನ ಆ ಕಿಕ್‌ಬಾಕ್ಸಿಂಗ್ ರಿಂಗಿನ ಸುತ್ತ ಕೂತಿದ್ದ ಪ್ರೇಕ್ಷಕರಿಗೆ ಪಂದ್ಯ ಅಲ್ಲಿಗೇ ಮುಗಿದಂತೆ ಕಂಡಿದ್ದರೆ ಆಶ್ಚರ್ಯವಿಲ್ಲ. ಒಂದು ಕಡೆ ಮಿಲ್ವಾಕಿ ನಗರದ ರಿಕ್ ರೂಫಸ್. ಇಪ್ಪತ್ತು ದಾಟಿದ ಹುಡುಗ, ಚುರುಕಾದ ಕೈ, ತಲೆಯೆತ್ತರಕ್ಕೆ ಸಲೀಸಾಗಿ ಹಾರುವ ಕಾಲು. ಇನ್ನೊಂದು ಕಡೆ ಚಾಂಗ್‌ಪುಯೆಕ್ ಕಿಯಟ್‌ಸೊಂಗ್ರಿಟ್. ಅವರ ಆಟದಲ್ಲಿ ಅಂಥ ಥಳುಕು ಏನೂ ಇರಲಿಲ್ಲ. ಮುಂದೆ ಬರುವುದು, ರೂಫಸ್ ಮುಂದಿಟ್ಟ ಕಾಲಿನ ತೊಡೆಗೆ ಒದೆಯುವುದು, ಮತ್ತೆ ಮುಂದೆ ಬರುವುದು, ಮತ್ತೆ ಅಲ್ಲಿಗೇ ಒದೆಯುವುದು.

ಎರಡನೇ ಸುತ್ತಿಗೆ ರೂಫಸ್‌ರ ಜಿಗಿತ ಕಡಿಮೆಯಾಯಿತು. ಮೂರನೆಯದರಲ್ಲಿ ಕಾಲೆಳೆಯತೊಡಗಿದರು. ನಾಲ್ಕನೇ ಸುತ್ತಿನಲ್ಲಿ ಪಂದ್ಯ ನಿಲ್ಲಿಸಬೇಕಾಯಿತು. ದವಡೆ ಮುರಿದುಕೊಂಡವರು ಗೆದ್ದರು. ಮುರಿದವರನ್ನು ಸ್ಟ್ರೆಚರ್ ಮೇಲೆ ಹೊತ್ತೊಯ್ದರು.

ರೂಫಸ್‌ಗೆ ಧೈರ್ಯ, ತಾಕತ್ತು ಎರಡೂ ಇದ್ದವು. ಇಲ್ಲದೇ ಇದ್ದದ್ದು ಆ ಒಂದು ಒದೆತದ ಪರಿಚಯ. ಅದಕ್ಕೆ ಕಾರಣ ಅವರು ಬೆಳೆದ ಆಟದ ನಿಯಮಗಳಲ್ಲೇ ಇತ್ತು. 1970ರ ದಶಕದಲ್ಲಿ ಅಮೆರಿಕದಲ್ಲಿ ಹುಟ್ಟಿದ 'ಫುಲ್ ಕಾಂಟ್ಯಾಕ್ಟ್ ಕರಾಟೆ'ಯಲ್ಲಿ ಒದೆತ ಸೊಂಟದ ಮೇಲೆಯೇ ಬೀಳಬೇಕಿತ್ತು. ಆಟ ಬರೀ ಬಾಕ್ಸಿಂಗ್ ಆಗಿಬಿಡದಿರಲಿ ಎಂದು ಪ್ರತಿ ಸುತ್ತಿಗೆ ಕನಿಷ್ಠ 8 ಒದೆತ ಸೊಂಟಕ್ಕಿಂತ ಮೇಲೆ ಹಾಕಲೇಬೇಕೆಂಬ ನಿಯಮವೂ ಇತ್ತು. ಇಂಥ ಅಂಗಳದಲ್ಲಿ ವರ್ಷಗಟ್ಟಲೆ ಪಳಗಿದವರ ನಿಲುವೇ ಬೇರೆ: ಪಕ್ಕಕ್ಕೆ ತಿರುಗಿದ ಮೈ, ಭಾರವೆಲ್ಲ ಮುಂದಿನ ಕಾಲಿನ ಮೇಲೆ, ಕಣ್ಣು ಎದುರಾಳಿಯ ಕೈ-ತಲೆಗಳ ಎತ್ತರದಲ್ಲಿ. ಆ ನಿಯಮದಲ್ಲಿ ಇದಕ್ಕಿಂತ ಒಳ್ಳೆಯ ನಿಲುವಿಲ್ಲ. ತೊಡೆಗೆ ಬೀಳುವ ಒದೆತದ ಮುಂದೆ ಇದಕ್ಕಿಂತ ಕೆಟ್ಟದ್ದೂ ಇಲ್ಲ. ಅಂದಿನ ಪಂದ್ಯದಲ್ಲಿ ಲೋ ಕಿಕ್‌ಗೆ, ಅಂದರೆ ಸೊಂಟದ ಕೆಳಗಿನ ಒದೆತಕ್ಕೆ, ಅನುಮತಿಯಿತ್ತು. ಅಷ್ಟೇ ವ್ಯತ್ಯಾಸ.

ರೂಫಸ್ ಸೋದರರು ಆ ರಾತ್ರಿಯನ್ನು ಮರೆಯಲಿಲ್ಲ. ರಿಕ್ ಥಾಯ್ಲೆಂಡಿನ ಸಮರಕಲೆ ಮುಯೆ ಥಾಯ್ ಕಲಿತು ತಮ್ಮ ಆಟಕ್ಕೆ ಲೋ ಕಿಕ್ ಸೇರಿಸಿಕೊಂಡರು. ತಮ್ಮ ಡ್ಯೂಕ್ ಅದನ್ನೇ ಕಲಿತು, ಮುಂದೆ ಮಿಲ್ವಾಕಿಯಲ್ಲಿ ಹೆಸರಾಂತ ಕೋಚ್ ಆದರು. 2010ರ ಡಿಸೆಂಬರ್‌ನಲ್ಲಿ ಅವರ ಶಿಷ್ಯ ಆಂಟನಿ ಪೆಟಿಸ್ ಮಿಶ್ರ ಸಮರಕಲೆಯ ಪಂದ್ಯವೊಂದರಲ್ಲಿ ಪಂಜರದ ಗೋಡೆಗೆ ಓಡಿ, ಅದನ್ನು ಕಾಲಿಂದ ಮೆಟ್ಟಿ ಚಿಮ್ಮಿ, ಬೆನ್ಸನ್ ಹೆಂಡರ್ಸನ್ ಮುಖಕ್ಕೆ ಒದ್ದು ಕೆಡವಿದರು. ಐದನೇ ಸುತ್ತಿನ ಕೊನೆಗಳಿಗೆಯಲ್ಲಿ ಗೋಡೆಯಿಂದ ಒದೆತ ಬರುತ್ತದೆಂದು ಯಾರು ತಾನೇ ಕಾಯುತ್ತ ನಿಂತಿರುತ್ತಾರೆ?

ಗೊತ್ತಿಲ್ಲದ ಏಟು ಯಾಕೆ ಇಷ್ಟು ಬೀಳುತ್ತದೆ ಎಂದರೆ ಹೆಚ್ಚಿನವರು ಹೇಳುವುದು 'ವೇಗ' ಎಂದು. ವೇಗಕ್ಕೂ ಅದಕ್ಕೂ ಅಂಥ ಸಂಬಂಧವಿಲ್ಲ. ಗೊತ್ತಿರುವ ಏಟೂ ಅಷ್ಟೇ ವೇಗವಾಗಿ ಬರುತ್ತದೆ. ಒಂದು ದೀಪ ಹೊತ್ತಿದ್ದನ್ನು ಕಂಡು ಬೆರಳಿಂದ ಗುಂಡಿ ಒತ್ತುವಷ್ಟು ಸರಳ ಕೆಲಸಕ್ಕೇ ಮನುಷ್ಯನಿಗೆ ಸುಮಾರು 0.2 ಸೆಕೆಂಡ್ ಬೇಕು. ಯಾವ ಏಟು, ಎಲ್ಲಿಗೆ, ಏನು ಮಾಡಬೇಕು ಎಂದು ಆರಿಸಬೇಕಾದರೆ ಇನ್ನಷ್ಟು. ಹತ್ತಿರದಿಂದ ಬಂದ ಗುದ್ದು ಅಷ್ಟರಲ್ಲಿ ಮುಖ ಮುಟ್ಟಿರುತ್ತದೆ. ಅಂದರೆ ಮುಷ್ಟಿ ಹೊರಟ ಮೇಲೆ ನೋಡಿ ತಪ್ಪಿಸಿಕೊಳ್ಳುವವರು ಯಾರೂ ಇಲ್ಲ. ಪಳಗಿದವರು ತಪ್ಪಿಸಿಕೊಳ್ಳುವುದು ಮುಷ್ಟಿ ಹೊರಡುವ ಮೊದಲೇ. ಎದುರಾಳಿಯ ಭುಜ ಇಳಿದದ್ದು, ಸೊಂಟ ತಿರುಗಿದ್ದು, ನಿಂತ ಕಾಲಿನ ಹಿಮ್ಮಡಿ ಹೊರಳಿದ್ದು ಅವರಿಗೆ ಮುನ್ಸೂಚನೆ.

ಕರಾಟೆ ಮತ್ತು ಬಾಕ್ಸಿಂಗ್ ಆಟಗಾರರ ಕಣ್ಣು ಎಲ್ಲಿ ನೆಟ್ಟಿರುತ್ತದೆಂದು ಅಳೆದು ನೋಡಿದ ಸಂಶೋಧಕರಿಗೂ ಇಂಥದ್ದೇ ಕಂಡಿತು. ಹೊಸಬರ ನೋಟ ಕೈಯಿಂದ ಕಾಲಿಗೆ, ಕಾಲಿಂದ ಕೈಗೆ ಹಾರುತ್ತಿರುತ್ತದೆ. ಅನುಭವಿಗಳ ನೋಟ ಎದುರಾಳಿಯ ತಲೆ-ಎದೆಯ ಸುತ್ತ ಹೆಚ್ಚು ಹೊತ್ತು ನಿಲ್ಲುತ್ತದೆ. ಕೈಕಾಲುಗಳ ಚಲನೆಯನ್ನು ಅವರು ಕಣ್ಣಂಚಿನಲ್ಲೇ ಹಿಡಿಯುತ್ತಾರೆ. ಆದರೆ ಈ ಓದು ನಡೆಯುವುದು ಹಿಂದೆ ನೂರಾರು ಸಲ ಕಂಡ ಚಲನೆಗೆ ಮಾತ್ರ. ಹೊಸ ಏಟು ಬಂದಾಗ ಕಣ್ಣಿಗೆ ಭುಜ ಕಾಣುತ್ತದೆ, ಸೊಂಟ ಕಾಣುತ್ತದೆ, ಅದರಿಂದ ಏನು ಬರಲಿದೆ ಎಂಬುದು ಮಾತ್ರ ತಿಳಿಯುವುದಿಲ್ಲ.

ಎಡಗೈಯವರ ವಿಷಯ ಇದಕ್ಕೆ ಒಳ್ಳೆಯ ಸಾಕ್ಷಿ. ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು 13,800ಕ್ಕೂ ಹೆಚ್ಚು ವೃತ್ತಿಪರ ಬಾಕ್ಸರ್‌ಗಳ ಮತ್ತು ಮಿಶ್ರ ಸಮರಕಲೆ (ಎಂಎಂಎ) ಪಟುಗಳ ದಾಖಲೆ ತಿರುವಿಹಾಕಿ 2019ರಲ್ಲಿ ಫಲಿತಾಂಶ ಪ್ರಕಟಿಸಿದರು. ಜನಸಾಮಾನ್ಯರಲ್ಲಿ ಇರುವುದಕ್ಕಿಂತ ಹೆಚ್ಚಿನ ಪ್ರಮಾಣದಲ್ಲಿ ಎಡಗೈಯವರು ಈ ಆಟಗಳಲ್ಲಿದ್ದರು, ಗೆಲುವಿನಲ್ಲೂ ಮುಂದಿದ್ದರು. ಎಡಗೈಯಲ್ಲಿ ವಿಶೇಷ ಶಕ್ತಿಯೇನೂ ಇಲ್ಲ. ಎಡಗೈಯವನಿಗೆ ಬಲಗೈಯವರೊಂದಿಗೆ ದಿನಾ ಅಭ್ಯಾಸ ಸಿಗುತ್ತದೆ, ಬಲಗೈಯವನಿಗೆ ಎಡಗೈಯವರು ಅಪರೂಪಕ್ಕೆ ಸಿಗುತ್ತಾರೆ. ಹೆಚ್ಚಿನ ಸಂಶೋಧಕರು ಕೊಡುವ ವಿವರಣೆ ಇದೇ.

ಕ್ರಿಕೆಟ್ ನೋಡುವವರಿಗೆ ಅಜಂತ ಮೆಂಡಿಸ್ ನೆನಪಾಗಬಹುದು. 2008ರ ಜುಲೈನಲ್ಲಿ ಕರಾಚಿಯ ಏಷ್ಯಾ ಕಪ್ ಫೈನಲ್‌ನಲ್ಲಿ 13 ರನ್‌ಗೆ 6 ವಿಕೆಟ್ ಕಿತ್ತು ಭಾರತವನ್ನು ಮಲಗಿಸಿದ್ದ ಈ ಲಂಕನ್ ಸ್ಪಿನ್ನರ್, ಅದೇ ತಿಂಗಳು ಕೊಲಂಬೊದಲ್ಲಿ ಟೆಸ್ಟ್‌ಗೆ ಕಾಲಿಟ್ಟರು. ಬೆರಳಿನಿಂದ ಚಿಮ್ಮಿಸುವ ಕೇರಂ ಚೆಂಡಿಗೆ ಅವರ ಮೊದಲ ಟೆಸ್ಟ್ ಬಲಿ ನಮ್ಮ ರಾಹುಲ್ ದ್ರಾವಿಡ್. ಕ್ಲೀನ್ ಬೌಲ್ಡ್. ಜಗತ್ತಿನಲ್ಲೇ ಅಷ್ಟು ಗಟ್ಟಿ ರಕ್ಷಣೆ ಇದ್ದ ಬ್ಯಾಟ್ ಚೆಂಡು ಎತ್ತ ಹೋಗುತ್ತದೆಂದು ತಿಳಿಯದೆ ತಡವರಿಸಿತು. ಮೂರು ಟೆಸ್ಟ್‌ಗಳಲ್ಲಿ ಮೆಂಡಿಸ್ 26 ವಿಕೆಟ್ ಪಡೆದರು. ಆ ನಡುವೆಯೇ ಗಾಲೆಯಲ್ಲಿ ವೀರೇಂದ್ರ ಸೆಹ್ವಾಗ್ ಔಟಾಗದೆ 201 ಹೊಡೆದರು ಎಂಬುದೂ ನಿಜ. ಮರುವರ್ಷ ಮೆಂಡಿಸ್ ಭಾರತಕ್ಕೆ ಬರುವ ಹೊತ್ತಿಗೆ ಅವರ ಬೆರಳುಗಳ ವಿಡಿಯೊವನ್ನು ನಿಧಾನಗತಿಯಲ್ಲಿ ಎಲ್ಲರೂ ನೋಡಿ ಮುಗಿಸಿದ್ದರು, ಮೋಡಿ ನಡೆಯಲಿಲ್ಲ.

ರಿಂಗಿಗೆ ಮರಳೋಣ. ತೊಡೆಗೆ ಬೀಳುವ ಒದೆತಕ್ಕೆ ಥಾಯ್ ಆಟಗಾರರ ಬಳಿ ಹಳೆಯದೊಂದು ಪ್ರತಿಪಟ್ಟಿದೆ. ಜಿಮ್‌ಗಳಲ್ಲಿ ಅದನ್ನು 'ಚೆಕ್' ಎನ್ನುತ್ತಾರೆ. ಒದೆತ ಬರುವ ಕಡೆಗೆ ಮೊಣಕಾಲನ್ನು ತುಸು ಹೊರಕ್ಕೆ ತಿರುಗಿಸಿ ಮೇಲೆತ್ತುವುದು, ಅಷ್ಟೇ. ಮೆತ್ತನೆಯ ತೊಡೆಗೆ ಬೀಳಬೇಕಿದ್ದ ಒದೆತ ಮೊಣಕಾಲಿನ ಕೆಳಗಿನ ಗಟ್ಟಿ ಮೂಳೆಗೆ ಬಡಿಯುತ್ತದೆ. ಸರಿಯಾದ ಕ್ಷಣಕ್ಕೆ ಎತ್ತಿದರೆ ನೋವು ಒದ್ದವನಿಗೇ ಜಾಸ್ತಿ. ಯಾಕೆಂದರೆ ಕಣಕಾಲಿನ ಮೂಳೆ ಮೊಣಕಾಲಿನ ಹತ್ತಿರ ದಪ್ಪ, ಕೆಳಗಿಳಿದಂತೆ ತೆಳು. ಒದ್ದವನ ತೆಳು ಭಾಗ ತಡೆದವನ ದಪ್ಪ ಭಾಗಕ್ಕೆ ಸಿಗುತ್ತದೆ.

ಎಷ್ಟು ಜಾಸ್ತಿ ಎಂಬುದನ್ನು 2013ರ ಡಿಸೆಂಬರ್ 28ರಂದು ಲಾಸ್ ವೇಗಸ್‌ನಲ್ಲಿ ಜಗತ್ತು ನೋಡಿತು. ಬ್ರೆಜಿಲ್‌ನ ಆಂಡರ್ಸನ್ ಸಿಲ್ವಾ ಆ ಕಾಲದ ಅತಿ ಚತುರ ಹೊಡೆತಗಾರ. ಎದುರಿಗೆ ಕುಸ್ತಿಯ ಹಿನ್ನೆಲೆಯಿಂದ ಬಂದ ಕ್ರಿಸ್ ವೈಡ್‌ಮನ್. ಅವರ ಕೋಚ್ ರೇ ಲಾಂಗೊ ಒದೆತಕ್ಕೆ ಮೊಣಕಾಲು ಕೊಡುವ ಈ ಪಟ್ಟನ್ನು ಶಿಷ್ಯನಿಗೆ ಚೆನ್ನಾಗಿ ತಿದ್ದಿಸಿದ್ದರು. ಎರಡನೇ ಸುತ್ತಿನಲ್ಲಿ ಸಿಲ್ವಾ ಒದ್ದರು, ವೈಡ್‌ಮನ್ ಮೊಣಕಾಲೆತ್ತಿದರು, ಸಿಲ್ವಾರ ಕಣಕಾಲಿನ ಎರಡೂ ಮೂಳೆ ಮುರಿದವು. ಏಳು ವರ್ಷ ಕಳೆದು, 2021ರ ಏಪ್ರಿಲ್ 24ರಂದು ಫ್ಲಾರಿಡಾದಲ್ಲಿ ಇದೇ ವೈಡ್‌ಮನ್ ಪಂದ್ಯದ ಮೊದಲ ಒದೆತ ಹಾಕಿದಾಗ ಯುರಾಯಾ ಹಾಲ್ ಅದನ್ನು ಅದೇ ರೀತಿ ತಡೆದರು. ಮುರಿದದ್ದು ಈ ಬಾರಿ ವೈಡ್‌ಮನ್ ಕಾಲು. ಹಾಲ್ ಒಂದು ಏಟನ್ನೂ ಹಾಕದೆ ಗೆದ್ದರು.

ತೊಡೆಯ ಒದೆತಕ್ಕೆ ಉತ್ತರ ಹೀಗೆ ಎಲ್ಲರ ಬಾಯಿಪಾಠ ಆಗುತ್ತಿದ್ದಂತೆಯೇ ಒದೆತ ಒಂದು ಗೇಣು ಕೆಳಗಿಳಿಯಿತು.

2010ರ ದಶಕದ ಕೊನೆಯ ವರ್ಷಗಳಲ್ಲಿ ಎಂಎಂಎಯಲ್ಲಿ ಹಬ್ಬಿದ ಈ ಒದೆತಕ್ಕೆ 'ಕಾಫ್ ಕಿಕ್' ಎಂದು ಹೆಸರು; ಬೀಳುವುದು ಮೀನಖಂಡಕ್ಕೆ, ಮೊಣಕಾಲಿನ ಕೆಳಗೆ ಹೊರಮಗ್ಗುಲಿಗೆ. ಮೇಲೆ ಹೇಳಿದ ಬೆನ್ಸನ್ ಹೆಂಡರ್ಸನ್ ಇದನ್ನು ಮೊದಮೊದಲು ಬಳಸಿದವರಲ್ಲಿ ಒಬ್ಬರು. ನೋಡಿದರೆ ಕಾಲು ತಾಗಿಸಿ ಎಳೆದಂತೆ, ಏನೂ ಇಲ್ಲವೆನ್ನುವಂತೆ ಕಾಣುತ್ತದೆ. ಆದರೆ ಆ ಜಾಗದಲ್ಲಿ, ಮೊಣಕಾಲಿನ ಪಕ್ಕದ ಸಣ್ಣ ಮೂಳೆಯ ಕುತ್ತಿಗೆಯನ್ನು ಬಳಸಿಕೊಂಡು ಒಂದು ನರ ಹಾಯುತ್ತದೆ. ಅದರ ಮೇಲೆ ಮಾಂಸದ ಹೊದಿಕೆ ತೀರಾ ಕಡಿಮೆ. ಪಾದವನ್ನು ಮೇಲೆತ್ತುವ ಸ್ನಾಯುಗಳಿಗೆ ಆಜ್ಞೆ ಹೋಗುವುದು ಈ ನರದ ಮೂಲಕವೇ. ಎರಡು ಮೂರು ಏಟು ಸರಿಯಾಗಿ ಬಿದ್ದರೆ ಪಾದ ಜೋಲುತ್ತದೆ. ನೆಲಕ್ಕೆ ಊರಿದರೂ ಮಡಚಿಕೊಳ್ಳುತ್ತದೆ. ತೊಡೆಯಾದರೆ ಹತ್ತಾರು ಏಟು ತಿಂದು ಕೆಡುತ್ತದೆ. ಮೀನಖಂಡಕ್ಕೆ ಅಷ್ಟು ತಾಳಿಕೆ ಇಲ್ಲ.

ಹಳೆಯ ಚೆಕ್ ಇಲ್ಲಿ ಅರ್ಧ ಮಾತ್ರ ಕೆಲಸ ಮಾಡುತ್ತದೆ. ತೊಡೆಗೆ ಬರುವ ಒದೆತ ದೊಡ್ಡದಾಗಿ ಬೀಸಿಕೊಂಡು ಬರುತ್ತದೆ, ಕಾಲೆತ್ತಲು ಹೊತ್ತು ಸಿಗುತ್ತದೆ. ಕಾಫ್ ಕಿಕ್‌ನ ದಾರಿ ಚಿಕ್ಕದು. ಅರ್ಧ ಎತ್ತುವಷ್ಟರಲ್ಲಿ ಬಂದು ತಗುಲುತ್ತದೆ, ಎತ್ತಿದ ಕಾಲು ಗುಡಿಸಿದಂತೆ ಒಳಕ್ಕೆ ಹೋಗಿ ಮೈಯೇ ಅರ್ಧ ಸುತ್ತು ತಿರುಗಿಬಿಡುತ್ತದೆ.

ಅಮೆರಿಕದ ಡಸ್ಟಿನ್ ಪೋರಿಯರ್ ಇದನ್ನು ಕಲಿತದ್ದು ತಿಂದು. 2017ರ ಫೆಬ್ರವರಿಯಲ್ಲಿ ಬ್ರೂಕ್ಲಿನ್‌ನಲ್ಲಿ ಜಿಮ್ ಮಿಲ್ಲರ್ ಎದುರು ಆಡಿದಾಗ ತೀರ್ಪುಗಾರರ ಅಂಕದಲ್ಲಿ ಪೋರಿಯರ್ ಗೆದ್ದರು. ಆದರೆ ಮಿಲ್ಲರ್ ಮೀನಖಂಡಕ್ಕೆ ಒದ್ದು ಒದ್ದು ಅವರ ಕಾಲು ನೆಟ್ಟಗೆ ಊರಲಾಗದ ಸ್ಥಿತಿಗೆ ಬಂದಿತ್ತು. ಗೆದ್ದವರು ಸಾಮಾನ್ಯವಾಗಿ ಗೆಲುವನ್ನು ನೆನಪಿಟ್ಟುಕೊಳ್ಳುತ್ತಾರೆ. ಪೋರಿಯರ್ ಒದೆತವನ್ನು ನೆನಪಿಟ್ಟುಕೊಂಡರು, ಕಲಿತರು. ನಾಲ್ಕು ವರ್ಷದ ಮೇಲೆ, 2021ರ ಜನವರಿಯಲ್ಲಿ ಅಬುಧಾಬಿಯಲ್ಲಿ ಐರ್ಲೆಂಡಿನ ಕಾನರ್ ಮೆಕ್‌ಗ್ರೆಗರ್ ಎದುರು ಅದನ್ನು ಹೊರತೆಗೆದರು.

ಮೆಕ್‌ಗ್ರೆಗರ್ 2014ರಲ್ಲಿ ಇದೇ ಪೋರಿಯರ್‌ರನ್ನು ಎರಡು ನಿಮಿಷದೊಳಗೆ ಮುಗಿಸಿದ್ದವರು. ಅಬುಧಾಬಿಗೆ ಬಂದದ್ದು ಬಾಕ್ಸಿಂಗಿಗೆ ಒಗ್ಗಿದ ನಿಲುವಿನಲ್ಲಿ. ಕಾಲುಗಳ ನಡುವೆ ಅಂತರ ಜಾಸ್ತಿ, ಮುಂದಿನ ಬಲಗಾಲಿನ ಮೇಲೆ ಭಾರ ಜಾಸ್ತಿ. ಮೊದಲ ಸುತ್ತಿನಲ್ಲಿ ಬಿದ್ದ ಒದೆತಗಳನ್ನು ಅವರು ಲೆಕ್ಕಕ್ಕೇ ಇಟ್ಟುಕೊಳ್ಳದವರಂತೆ ಮುಂದೆ ಬಂದರು. ಎರಡನೇ ಸುತ್ತಿನಲ್ಲಿ ಆ ಕಾಲು ಮಾತು ಕೇಳಲಿಲ್ಲ. ಕಾಲು ಕೈಕೊಟ್ಟ ಮೇಲೆ ಗುದ್ದುಗಳಿಂದ ದೂರ ಸರಿಯುವ ದಾರಿಯೂ ಮುಚ್ಚಿತು. ಎಂಎಂಎ ಬದುಕಿನಲ್ಲಿ ಮೊದಲ ಸಲ ಮೆಕ್‌ಗ್ರೆಗರ್ ಹೊಡೆತಗಳಿಂದ ಉರುಳಿದರು. ಕ್ರೀಡಾಂಗಣದಿಂದ ಊರುಗೋಲಿನಲ್ಲಿ ಹೊರಟರು. ಕಾಲು ಸತ್ತಂತಾಗಿತ್ತು ಎಂದು ಅವರೇ ಹೇಳಿಕೊಂಡರು.

ಕಾಫ್ ಕಿಕ್ ಅಷ್ಟು ಹೊತ್ತಿಗೆ ಗುಟ್ಟೇನೂ ಆಗಿರಲಿಲ್ಲ. ಹಾಗಿದ್ದರೂ ಅಷ್ಟು ದೊಡ್ಡ ಆಟಗಾರನಿಗೆ ಅದು ಹೊಸದೆಂಬಂತೆ ಬಿದ್ದದ್ದೇಕೆ? ಒಂದು ಕಾರಣ ಜಿಮ್‌ಗಳ ಒಳಗೇ ಇದೆ. ಅಭ್ಯಾಸದಲ್ಲಿ ಯಾರೂ ಈ ಒದೆತವನ್ನು ಜೋರಾಗಿ ಹಾಕುವುದಿಲ್ಲ. ಹಾಕಿದರೆ ಜೊತೆಗಾರ ದಿನಗಟ್ಟಲೆ ಕುಂಟಬೇಕಾಗುತ್ತದೆ. ಕಾಲಿಗೆ ಶಿನ್ ಗಾರ್ಡ್ ಬೇರೆ. ಆ ಮೆತ್ತೆಯ ಮೂಲಕ ಬಂದ ಒದೆತ ತಟ್ಟಿದಂತೆ ಇರುತ್ತದೆ, ಕಾಲು ತೆಗೆಯದಿದ್ದರೂ ಏನೂ ಆಗುವುದಿಲ್ಲ. 'ತೆಗೆಯದಿದ್ದರೂ ನಡೆಯುತ್ತದೆ' ಎಂಬ ಪಾಠವನ್ನು ದೇಹ ದಿನಾ ಕಲಿಯುತ್ತಿರುತ್ತದೆ. ಅಭ್ಯಾಸವೇ ಆಟಗಾರನಿಗೆ ಸುಳ್ಳು ಹೇಳುವ ಈ ಪರಿಸ್ಥಿತಿ ಲೋ ಕಿಕ್‌ಗಿಂತ ಕಾಫ್ ಕಿಕ್‌ನಲ್ಲಿ ಹೆಚ್ಚು.

ಒಳ್ಳೆಯ ಕೋಚ್‌ಗಳು ಹಾಗಾಗಿ ನೇರ ಸ್ಪಾರಿಂಗ್‌ಗೆ, ಅಂದರೆ ಅಭ್ಯಾಸದ ಕಾದಾಟಕ್ಕೆ, ಬಿಡುವುದಿಲ್ಲ. ಇಬ್ಬರನ್ನು ಎದುರುಬದುರು ನಿಲ್ಲಿಸುತ್ತಾರೆ. ಒಬ್ಬ ಒದೆಯುತ್ತಾನೆ, ಒಂದೇ ಒದೆತ, ಒಂದೇ ಕಾಲು, ನೀರಿನೊಳಗೆ ಆಡಿದಷ್ಟು ನಿಧಾನ. ಇನ್ನೊಬ್ಬನಿಗೆ ಮೊದಮೊದಲು ತಡೆಯುವ ಕೆಲಸವೂ ಇಲ್ಲ, ನೋಡುವುದಷ್ಟೇ. ಒದೆಯುವವನ ನಿಂತ ಪಾದ ಹೊರಕ್ಕೆ ತಿರುಗುತ್ತದೆ. ಅದೇ ಕಡೆಯ ಭುಜ ಹಿಂದೆ ಸರಿಯುತ್ತದೆ. ಒದೆಯುವ ಕಡೆಯ ಕೈ ಮುಖದಿಂದ ಜಾರಿ ಕೆಳಗೆ ಬೀಸುತ್ತದೆ. ಕಾಲು ನೆಲ ಬಿಡುವುದು ಇಷ್ಟೆಲ್ಲ ಆದ ಮೇಲೆ. ಕಾಲನ್ನು ನೋಡುತ್ತ ನಿಂತವನಿಗೆ ಇದು ಯಾವುದೂ ಕಾಣುವುದಿಲ್ಲ. ಹೊಸಬರು ಕಾಲನ್ನೇ ನೋಡುತ್ತಾರೆ, ಕೋಚ್ ಗಲ್ಲ ಹಿಡಿದು ಮುಖ ಮೇಲೆತ್ತುತ್ತಾರೆ.

ಆಮೇಲೆ ಉತ್ತರಗಳು. ಪಾದವನ್ನು ನೆಲದಲ್ಲೇ ಇಟ್ಟು ಬೆರಳತುದಿಯನ್ನು ಹೊರಕ್ಕೆ ತಿರುಗಿಸಿ ಮೊಣಕಾಲು ಬಾಗಿಸಿದರೆ ಮೀನಖಂಡದ ಜಾಗಕ್ಕೆ ಕಣಕಾಲಿನ ಮೂಳೆ ಬರುತ್ತದೆ. ಒದ್ದವನ ಪಾದ ಅದಕ್ಕೆ ಬಡಿದು ಅವನೇ ಹುಬ್ಬು ಗಂಟಿಕ್ಕುತ್ತಾನೆ. ಇದರಲ್ಲಿ ಕಾಲೆತ್ತುವ ತಾಪತ್ರಯವಿಲ್ಲ. ಇನ್ನೊಂದು, ಹಿಮ್ಮಡಿಯನ್ನು ಹಿಂದಕ್ಕೆ ಮಡಚಿ ಕಾಲನ್ನೇ ಅಲ್ಲಿಂದ ತೆಗೆದುಬಿಡುವುದು. ಒದೆತ ಗಾಳಿಗೆ ಹೋಗಿ ಒದ್ದವನ ಬೆನ್ನು ಅರ್ಧ ತಿರುಗುತ್ತದೆ. ಕೈ ಚುರುಕಾಗಿರುವವರು ಮೂರನೆಯದನ್ನು ಇಷ್ಟಪಡುತ್ತಾರೆ: ಒದೆಯಲು ಒಂದು ಕಾಲಿನ ಮೇಲೆ ನಿಂತವನ ಮುಖಕ್ಕೆ ನೇರ ಗುದ್ದು. ಇವೆಲ್ಲಕ್ಕಿಂತ ಮೊದಲು ಮುಂದಿನ ಕಾಲಿನ ಭಾರ ಇಳಿಸಬೇಕು. ಭಾರ ಹೊತ್ತ ಕಾಲು ತಿರುಗುವುದೂ ಇಲ್ಲ, ಮಡಚುವುದೂ ಇಲ್ಲ.

ನಿಧಾನಗತಿಯಲ್ಲಿ ಇದು ಸರಾಗವಾದ ಮೇಲೆ ಜೊತೆಗಾರ ನಡುನಡುವೆ ಜ್ಯಾಬ್, ಅಂದರೆ ಮುಂದಿನ ಕೈಯ ನೇರ ಗುದ್ದು, ಸೇರಿಸುತ್ತಾನೆ. ಈಗ ಎರಡರಲ್ಲಿ ಯಾವುದೆಂದು ಓದಬೇಕು. ಅಲ್ಲಿಯವರೆಗೆ ಚೆನ್ನಾಗಿ ಮಾಡುತ್ತಿದ್ದವರು ಇಲ್ಲಿ ತಪ್ಪುತ್ತಾರೆ, ಸೊಂಟ ಅಲುಗಿದರೆ ಸಾಕು ಕಾಲು ತಿರುಗಿಸುತ್ತಾರೆ, ಮುಖ ತೆರೆದು ಗುದ್ದು ತಿನ್ನುತ್ತಾರೆ. ಸುಳ್ಳು ಒದೆತ ತೋರಿಸಿ ಗುದ್ದುವುದು ಅನುಭವಿಗಳ ಹಳೆಯ ಚಾಳಿ. ಆದ್ದರಿಂದ ಓದುವುದರ ಜೊತೆಗೆ ಎಲ್ಲದಕ್ಕೂ ಬೆಚ್ಚದಿರುವುದನ್ನೂ ಅಭ್ಯಾಸ ಮಾಡಬೇಕಾಗುತ್ತದೆ. ಜೊತೆಗಾರ ತನಗೆ ತೋಚಿದ್ದನ್ನು ತೋಚಿದಾಗ ಹಾಕುವ ಸ್ಪಾರಿಂಗ್ ಬರುವುದು ಇದಾದ ನಂತರ, ಅದೂ ಅರೆಬಲದಲ್ಲಿ. ಏಟು ತಿಂದವನು "ಅದನ್ನೇ ಇನ್ನೊಂದು ಸಲ ಹಾಕು, ನಿಧಾನಕ್ಕೆ" ಎಂದು ಕೇಳುವ ಜಿಮ್‌ನಲ್ಲಿ ಕಲಿಕೆ ಬೇಗ ಆಗುತ್ತದೆ. ಏಟು ತಿಂದವನು ಸೇಡಿಗೆ ಬೀಳುವ ಜಿಮ್‌ನಲ್ಲಿ ಇಬ್ಬರಿಗೂ ಗಾಯವೇ ಗತಿ. ಎರಡನೆಯ ಬಗೆಯವು ಕಡಿಮೆಯೇನಿಲ್ಲ.

ಅಪರಿಚಿತ ಏಟು ಎಂದರೆ ಹೊಸದಾಗಿ ಹುಟ್ಟಿದ್ದೇ ಆಗಿರಬೇಕೆಂದಿಲ್ಲ. ಮುಂದಕ್ಕೆ ನೇರ ಒದೆಯುವ 'ಮೇ ಗೇರಿ' ಕರಾಟೆಯ ಮೊದಲ ಪಾಠಗಳಲ್ಲೊಂದು. ಬೆಂಗಳೂರು, ಮೈಸೂರಿನ ಶಾಲಾ ಮೈದಾನಗಳಲ್ಲಿ ಬಿಳಿ ಬೆಲ್ಟಿನ ಮಕ್ಕಳು ಸಾಲಾಗಿ ನಿಂತು ಹಾಕುವುದು ಇದನ್ನೇ. 2011ರ ಫೆಬ್ರವರಿಯಲ್ಲಿ ಆಂಡರ್ಸನ್ ಸಿಲ್ವಾ ಈ ಒದೆತವನ್ನು ವಿಟರ್ ಬೆಲ್ಫೋರ್ಟ್ ಗದ್ದಕ್ಕೆ ಹಾಕಿದರು. ಸುಮಾರು ಮೂರು ತಿಂಗಳ ಮೇಲೆ ಟೊರಾಂಟೊದಲ್ಲಿ ಕರಾಟೆಯಲ್ಲೇ ಬೆಳೆದ ಲ್ಯೋಟೊ ಮಚಿಡಾ ಅದನ್ನೇ ಜಿಗಿದು ಹಾಕಿ ರ‍್ಯಾಂಡಿ ಕುಟೂರ್‌ರ ಕೊನೆಯ ಪಂದ್ಯವನ್ನು ಮುಗಿಸಿದರು. ಹೊಟ್ಟೆಗೆ ಬರುವ ಒದೆತ ಎಂದು ಎಲ್ಲರೂ ತಿಳಿದಿದ್ದದ್ದು ಮುಖಕ್ಕೆ ಬಂತು. ಮಕ್ಕಳಿಗೂ ಗೊತ್ತಿದ್ದ ಒದೆತ ಜಗತ್ತಿನ ಅಗ್ರ ಆಟಗಾರರಿಗೆ ಗೊತ್ತಿರಲಿಲ್ಲ ಎಂದು ನಗುವುದು ಸುಲಭ; ಆ ಎತ್ತರದಲ್ಲಿ, ಆ ಅಂತರದಲ್ಲಿ ಅದನ್ನು ಅವರು ಕಂಡಿರಲಿಲ್ಲ ಅಷ್ಟೆ.

ಇದಕ್ಕೂ ಹಳೆಯ ಕಥೆಯೊಂದಿದೆ. 1960ರ ದಶಕದ ಮೊದಲ ಭಾಗದಲ್ಲಿ ಮಸುತತ್ಸು ಒಯಾಮರ ಕರಾಟೆ ಶಾಲೆಯ ಮೂವರು ಬ್ಯಾಂಕಾಕಿನ ಲುಂಪಿನಿ ಕ್ರೀಡಾಂಗಣದಲ್ಲಿ ಮೂವರು ಥಾಯ್ ಆಟಗಾರರ ಮೇಲೆ ಸೆಣಸಿದರು. ಇಬ್ಬರು ಗೆದ್ದರು. ಮೂರನೆಯವರಾದ ಕೆಂಜಿ ಕುರೊಸಾಕಿ ಮೊಣಕೈ ಏಟಿಗೆ ಬಿದ್ದರು. ಗೆದ್ದವರಿಗಿಂತ ದೂರ ಹೋದದ್ದು ಈ ಸೋತವರೇ. ಥಾಯ್ ತಂತ್ರಗಳನ್ನು ಬೆನ್ನುಹತ್ತಿ ಕಲಿತ ಕುರೊಸಾಕಿ ಟೋಕಿಯೊದಲ್ಲಿ ಮೆಜಿರೊ ಜಿಮ್ ಕಟ್ಟಿದರು. ಅವರ ಬಳಿ ಕಲಿತ ಯಾನ್ ಪ್ಲಾಸ್ 1978ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಅದೇ ಹೆಸರಿನ ಜಿಮ್ ತೆರೆದರು. ಗುದ್ದುಗಳ ಸರಮಾಲೆಯ ತುದಿಗೆ ಲೋ ಕಿಕ್ ಪೋಣಿಸುವ ಡಚ್ ಕಿಕ್‌ಬಾಕ್ಸಿಂಗ್ ಬೆಳೆದದ್ದು ಹೆಚ್ಚಾಗಿ ಅಲ್ಲಿಂದ.

ಅಬುಧಾಬಿಯ ಸೋಲಿನಿಂದ ಮೆಕ್‌ಗ್ರೆಗರ್‌ಗೆ ಕಲಿಯಲು ಸಿಕ್ಕಿದ್ದು ಆರು ತಿಂಗಳು. 2021ರ ಜುಲೈ 10ರಂದು ಲಾಸ್ ವೇಗಸ್‌ನಲ್ಲಿ ಪೋರಿಯರ್ ಎದುರು ಮೂರನೇ ಸಲ ಬಂದಾಗ ಈ ಬಾರಿ ಒದೆಯಲು ಶುರುಮಾಡಿದ್ದು ಅವರೇ. ಪೋರಿಯರ್ ಒಂದನ್ನು ತಡೆದರು, ತಡೆದದ್ದನ್ನು ಬೆರಳು ಮಾಡಿ ತೋರಿಸಿದರು. ಸುತ್ತು ಮುಗಿಯಲು ಕೆಲವೇ ಸೆಕೆಂಡ್ ಇರುವಾಗ ಮೆಕ್‌ಗ್ರೆಗರ್ ಹಿಂದಕ್ಕೆ ಹೆಜ್ಜೆ ಇಟ್ಟರು, ಎಡಗಾಲು ಹಿಮ್ಮಡಿಯ ಮೇಲ್ಭಾಗದಲ್ಲಿ ಮಡಚಿಹೋಯಿತು. ಎರಡೂ ಮೂಳೆ ಮುರಿದಿದ್ದವು. ವೈದ್ಯರು ಪಂದ್ಯ ನಿಲ್ಲಿಸಿದರು. ಬಿರುಕು ಬಿಟ್ಟದ್ದು ತಾನು ತಡೆದ ಆ ಒದೆತದಲ್ಲೇ ಎಂದರು ಪೋರಿಯರ್. ಕಾಲಿನಲ್ಲಿ ಪಂದ್ಯಕ್ಕೆ ಮೊದಲೇ ಬಿರುಕಿತ್ತು ಎಂದರು ಮೆಕ್‌ಗ್ರೆಗರ್.